ಪೆನ್ಸಿಲ್ಲಿನಲ್ಲೇ ಬರೆಯಿರಿ

ಪ್ರತಿ ಆಗಸ್ಟಿನಲ್ಲೂ ನನ್ನದು ಇದೊಂದೇ ಪಾಠ:
ಬಾಟಲಿಯ ಚೀಟಿ ಪೆನ್ಸಿಲ್ಲಿನಲ್ಲೇ ಬರೆಯಿರಿ.
ಶಾಯಿ ಫಾರ್ಮಲಿನ್ನಿನಲ್ಲಿ ಕರಗುತ್ತದೆ,
ಬಾಲ್‌ಪೆನ್ನು ನೀಲಿ ಹೊಗೆಯಾಗಿ ಏಳುತ್ತದೆ,
ಸೀಸ ಮಾತ್ರ ಕೂತಲ್ಲೇ ಕೂತಿರುತ್ತದೆ.
ಪ್ರೊಫೆಸರರಿಗಿಂತ ಮುಂಚೆ ನಾನು ಹೇಳಿಬಿಡುತ್ತೇನೆ,
ಏಳನೇ ಇಯತ್ತೆ ಪಾಸು, ಲ್ಯಾಬಿನ ಜವಾನ,
ಕೋಡಿಬಾಗದ ಉಲ್ಲಾಸ ಬಾಂದೇಕರ.

ವಿಶ್ವವಿದ್ಯಾಲಯ ಇರುವುದು ಘಟ್ಟದ ಮೇಲೆ, ಧಾರವಾಡದಲ್ಲಿ,
ಬಸ್ಸು ಕೆಡದಿದ್ದರೆ ಐದು ತಾಸು.
ಅಲ್ಲಿಂದ ನಮಗಿಳಿದು ಬರುವುದು
ಸುತ್ತೋಲೆ, ಅರಗಿನ ಮೊಹರಿನ ಪ್ರಶ್ನೆಪತ್ರಿಕೆ,
ಮತ್ತೆ ಸಮುದ್ರ ನೋಡದ ಹುಡುಗರು.

ಚನ್ನವೀರ ಅಂಗಡಿ ಬಂದದ್ದು ರೋಣದ ಕಡೆಯಿಂದ.
ಮೊದಲ ಸಂಜೆ ದಂಡೆಯಲ್ಲಿ ಚಪ್ಪಲಿ ಕೈಲಿ ಹಿಡಿದು
'ಇಷ್ಟೂ ನೀರು ಯಾರದರೀ ಮಾಮಾ?' ಅಂದ.
ಅರ್ಧ ನೌಕಾದಳದ್ದು,
ಉಳಿದದ್ದು ನಿನ್ನ ಸಿಲಬಸ್ಸು, ಅಂದೆ.

ಮನೆಯಲ್ಲಿ ಮೊಟ್ಟೆ ಸಹ ಒಡೆದವನಲ್ಲ.
ಬಂಗಡೆಯ ಹೊಟ್ಟೆ ಸೀಳುವ ದಿನ
ಕತ್ತರಿ ಹಿಡಿದು ಅರ್ಧ ತಾಸು ನಿಂತೇ ಇದ್ದ.
'ಇದಕ್ಕ ಕಣ್ಣಿನ ರೆಪ್ಪಿ ಇಲ್ಲೇನ್ರೀ?'
ಇಲ್ಲ, ನೀರೇ ಒರೆಸುತ್ತದೆ.
ಹಂಗಾದ್ರ, ಎಂದವನು
ತಾನೇ ಕಣ್ಣು ಮುಚ್ಚಿ ಮೊದಲ ಕೊಯ್ತ ಹಾಕಿದ.
ಡೊಂಕು.
ಪ್ರಾಕ್ಟಿಕಲ್ ವಹಿಯಲ್ಲಿ ಹತ್ತಕ್ಕೆ ನಾಲ್ಕು.

ಪಕ್ಕದ ಮೇಜಿಗೆ ಬೈತಕೋಲದ ಸುಲಕ್ಷಾ ತಾಂಡೇಲ.
ಅವಳ ಕೈ ನಾಲ್ಕೇ ನಿಮಿಷಕ್ಕೆ ಮೀನು ಬಿಚ್ಚಿ
ಕಿವಿರು, ಗುಂಡಿಗೆ, ಗಾಳಿಚೀಲ ಸಾಲಾಗಿ ಇಡುತ್ತಿತ್ತು.
'ಅಡುಗೆಗಲ್ಲ ಇದು' ಅಂದರು ಒಮ್ಮೆ ಸರ್, ನಗುತ್ತ.
ಅವಳು ನಗಲಿಲ್ಲ. ಕಿವಿರನ್ನು
ಒಂದು ಗೆರೆಯಷ್ಟು ಆಚೆ ಸರಿಸಿದಳು.
ಲ್ಯಾಟಿನ್ ಹೆಸರು ಬಂದಾಗ ಮಾತ್ರ ಪೆನ್ಸಿಲ್ಲು ತಡೆಯುತ್ತಿತ್ತು.
ಆಗ ಚನ್ನವೀರ ಸ್ಪೆಲ್ಲಿಂಗು ಪಿಸುಗುಡುತ್ತಿದ್ದ,
ಅವನ ಡೊಂಕು ಬಂಗಡೆಯನ್ನು ಅವಳು ನೇರ್ಪು ಮಾಡುತ್ತಿದ್ದಳು.
ಪರೀಕ್ಷಾ ನಿಯಮದಲ್ಲಿ ಇದಕ್ಕೆ ನಕಲು ಎನ್ನುತ್ತಾರೆ.
ನಾನು ಕಿಟಕಿ ಒರೆಸುತ್ತಿದ್ದೆ.

ಫೆಬ್ರುವರಿಯ ಇಳಿತದಲ್ಲಿ ತಿಳಮಾತಿಗೆ ಹೋಗಿದ್ದೆವು,
ಎಳ್ಳಿನಂಥ ಕರಿ ಮರಳು, ಇನ್ನೂ ಬೆಳಕಾಗಿರಲಿಲ್ಲ.
ಹಗ್ಗದ ಚೌಕ ಹಾಸಿ, ಒಳಗೆಷ್ಟು ಜೀವ ಎಂದು ಎಣಿಸುವುದು ಕೆಲಸ.
ಮೆಸ್ಸಿನ ಅವಲಕ್ಕಿ ತೇವವಾಗಿತ್ತು, ಎಲ್ಲರೂ ಅದನ್ನೇ ತಿಂದರು.
ಅಲೆ ಬಂದು ಚೌಕ ಎತ್ತಿಕೊಂಡು ಹೋಯಿತು,
ಚನ್ನವೀರ ಪ್ಯಾಂಟು ನೆನೆಸಿಕೊಂಡು ಹಿಂದೆ ಓಡಿದ.
ಎಲ್ಲರೂ ನಕ್ಕೆವು. ಅವತ್ತು ಅವಳೂ.

ಮೂರನೇ ಸೆಮಿಸ್ಟರಿನ ಅಂಕಪಟ್ಟಿಯಲ್ಲಿ
ಸಂಖ್ಯಾಶಾಸ್ತ್ರದ ಎದುರು: ಗೈರುಹಾಜರಿ.
ಅವಳ ಉತ್ತರಪತ್ರಿಕೆಗೆ ದಾರ ಕಟ್ಟಿದವನು ನಾನೇ.
ಧಾರವಾಡಕ್ಕೆ ಮೂರು ಸಲ ಹೋದಳು.
ಮೊದಲ ಸಲ ಅರ್ಜಿಯ ನಮೂನೆ ತಪ್ಪು,
ಎರಡನೇ ಸಲ ಗುಮಾಸ್ತರ ರಜೆ,
ಮೂರನೇ ಸಲ ಕಿಟಕಿಯ ಒಳಗಿನವರು ಕೇಳಿದರಂತೆ:
'ಕಾರವಾರದಾಗೂ ನಮ್ಮ ವಿಭಾಗ ಐತೇನ?'
ನಾಲ್ಕನೆಯ ಸಲಕ್ಕೆ ಬಸ್ಸಿನ ದುಡ್ಡೇ ಇರಲಿಲ್ಲವೋ,
ಸಾಕಾಯಿತೋ. ಕ್ಲಾಸಿಗೂ ಬರಲಿಲ್ಲ.

ಹನ್ನೊಂದು ತಿಂಗಳ ಮೇಲೆ ತಿದ್ದಿದ ಪಟ್ಟಿ ಬಂತು: ಅರವತ್ತೊಂದು.
ಸೈಕಲ್ಲಿನಲ್ಲಿ ಬೈತಕೋಲಕ್ಕೆ ಒಯ್ದೆ.
ಹರಾಜು ಕಟ್ಟೆಯಲ್ಲಿ ಬುಟ್ಟಿಗಳ ಲೆಕ್ಕ ಬರೆಯುತ್ತಿದ್ದಳು.
ಕೈ ತೊಳೆದು, ಒರೆಸಿ, ಮತ್ತೊಮ್ಮೆ ಒರೆಸಿ, ತೆಗೆದುಕೊಂಡಳು.
'ಸರಾಸರಿಯ ಪೇಪರು ಮಾಮಾ,' ಅಂದಳು,
'ನನಗೆ ಬರುತ್ತಿತ್ತು.'

ಈ ತಿಂಗಳು ನನ್ನ ನಿವೃತ್ತಿ.
ಇಳಿದ ಬಾಟಲಿಗಳಿಗೆ ಫಾರ್ಮಲಿನ್ ತುಂಬುತ್ತಿದ್ದೇನೆ,
ಕಣ್ಣಲ್ಲಿ ನೀರು. ಅದು ಫಾರ್ಮಲಿನ್ನಿನದು.
ಮೂರನೇ ಕಪಾಟು, ಒಂದು ಸಮುದ್ರಸೌತೆ,
ಸ್ಥಳ ತಿಳಮಾತಿ, ಸಂಗ್ರಹಿಸಿದವರು ಸು. ತಾಂಡೇಲ,
ಕೆಳಗೆ ಲ್ಯಾಟಿನ್ ಹೆಸರು, ಒಂದಕ್ಷರ ಅಳಿಸಿ ತಿದ್ದಿದ್ದು.
ನಿನ್ನೆ ಬರೆದಂತಿದೆ.

ಬೆನ್ನ ಹಿಂದೆ ಹೊಸ ಬ್ಯಾಚಿನ ಹುಡುಗಿಯೊಬ್ಬಳು,
'ಸರ್, ಪೆನ್ಸಿಲ್ ತಂದಿಲ್ಲ. ಜೆಲ್ ಪೆನ್ ನಡೆಯುತ್ತದಾ?'
ಕಿವಿಯ ಸಂದಿಯಿಂದ ತೆಗೆದು ಕೊಟ್ಟೆ.
ಸರ್ ಅಲ್ಲ, ಮಾಮಾ, ಅಂದೆ.
ತಿರುಗಿ ಕೊಡಬೇಕು.