ಗ್ರಹಣದಲ್ಲಿ ಉಪ್ಪಿಟ್ಟು

ಎಂಬತ್ತರ ಫೆಬ್ರವರಿ. ನಾನು ಏಳು ತಿಂಗಳ ಬಸುರಿ.
ಹಾಸನದ ಬೀದಿಯಲ್ಲಿ ಒಂದು ನಾಯಿಯೂ ಇಲ್ಲ,
ಬಸ್ ಸ್ಟ್ಯಾಂಡಿನ ಹೋಟೆಲುಗಳೂ ಬಾಗಿಲು ಹಾಕಿ
ಮಧ್ಯಾಹ್ನ ಮೂರಕ್ಕೇ ಊರು ಮುಸುಕೆಳೆದು ಮಲಗಿತ್ತು.

ಅತ್ತೆ ಕೆಂಚಮ್ಮ ನನ್ನನ್ನು ನಡುಮನೆಯ ಕತ್ತಲಿಗೆ ದಬ್ಬಿ
ಕಿಟಕಿಗೆ ಕಂಬಳಿ ಕಟ್ಟಿ, ಈಳಿಗೆಮಣೆ ಬಚ್ಚಿಟ್ಟು,
ಕೊಡದ ನೀರಿಗೊಂದು ಗರಿಕೆ, ಹಾಲಿಗೊಂದು,
ನನ್ನ ಹೊಟ್ಟೆಯ ಮೇಲೂ ಒಂದು.

ಇವರು ಆಗ ವಿದ್ಯುತ್ ಮಂಡಳಿಯಲ್ಲಿ ಮೀಟರ್ ಪರೀಕ್ಷಿಸುವವರು.
ಮುಳ್ಳು ಅಲ್ಲಾಡಿದರೆ ಉಂಟು, ಅಲ್ಲಾಡದಿದ್ದರೆ ಇಲ್ಲ;
ದೇವರ ವಿಷಯದಲ್ಲೂ ಅದೇ ಲೆಕ್ಕ.
ತಾವೇ ಕೈಯಾರೆ ಉಪ್ಪಿಟ್ಟು ಕೆದಕಿಕೊಂಡು
(ಉಪ್ಪು ಹೆಚ್ಚಾಗಿತ್ತಂತೆ, ಬಹಳ ವರ್ಷದ ಮೇಲೆ ಒಪ್ಪಿಕೊಂಡರು)
ರಸ್ತೆಯ ನಟ್ಟನಡುವೆ ಸ್ಟೂಲು ಹಾಕಿ
ಸೂರ್ಯನಿಗೆದುರಾಗಿ ಕೂತು ತಿಂದರು.
ಬಾಗಿಲ ಸಂದಿಗಳೆಲ್ಲ ಕಣ್ಣಾಗಿದ್ದವು.

ಮಗು ಹುಟ್ಟಿತು. ಬೆರಳು ಎಣಿಸಿದೆವು. ತುಟಿ ಸರಿಯಾಗಿತ್ತು.
'ನೋಡಿದೆಯಾ, ನಾನು ತಿಂದೆ, ಏನೂ ಆಗಲಿಲ್ಲ' ಅಂದರು.
'ನಾನು ಒಳಗಿದ್ದೆ, ಅದಕ್ಕೇ ಏನೂ ಆಗಲಿಲ್ಲ' ಅಂದೆ.
ಅತ್ತೆ ಭಾನು ಎಂದು ಹೆಸರಿಟ್ಟರು,
ಸೂರ್ಯನಿಗೆ ಒಂದಿಷ್ಟು ಲಂಚ.

ಆ ಜಗಳ ಮೂವತ್ತು ವರ್ಷ ಹಳಸಲಿಲ್ಲ.

ಆಮೇಲೆ ಅತ್ತೆ ಹಾಸಿಗೆ ಹಿಡಿದರು.
ಮೂರು ವರ್ಷ. ಬೆನ್ನ ಹುಣ್ಣು ತೊಳೆದು, ಗಂಜಿ ಕುಡಿಸಿ,
ಬಟ್ಟೆ ಒಗೆದು ಒಣಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು.
ಒಂದು ಸಲ ದೇವರ ದೀಪ ಮರೆತೆ.
ನೆನಪಾದದ್ದು ನಾಲ್ಕನೆಯ ದಿನ.
ಏನೂ ಆಗಿರಲಿಲ್ಲ.
ಹಾಲು ಒಡೆದಿರಲಿಲ್ಲ, ಹಲ್ಲಿ ಲೊಚಗುಟ್ಟಿರಲಿಲ್ಲ,
ಅತ್ತೆಯ ಹುಣ್ಣು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.
ಏನಾದರೂ ಆಗಿದ್ದರೆ ಕ್ಷಮೆ ಕೇಳಬಹುದಿತ್ತು.
ಐದನೆಯ ದಿನ ಹಚ್ಚಿದೆ, ಆದರೆ
ಬೀದಿದೀಪದ ಸ್ವಿಚ್ಚು ಹಾಕುವ ಮುನಿಸಿಪಾಲ್ಟಿ ಹುಡುಗನ ಹಾಗೆ.

ಇವರದು ಬೇರೆ. ಮೈಸೂರಿನಲ್ಲಿ ಎದೆ ಕೊಯ್ದು, ಹೊಲಿದು, ಕಳಿಸಿದರು.
ಒಂದು ತಿಂಗಳು ಸುಮ್ಮನಿದ್ದರು. ಒಂದು ಬೆಳಗಿನ ಜಾವ
ಬಚ್ಚಲಲ್ಲಿ ನೀರಿನ ಸದ್ದು, ಆಮೇಲೆ ಗಂಟೆಯ ಸದ್ದು.
ಹೆದರಿಕೆಯಾ ಎಂದು ಕೇಳಿದೆ.
'ಅಲ್ಲ ಕಣೇ, ಯಾರಿಗಾದರೂ ಥ್ಯಾಂಕ್ಸ್ ಹೇಳಬೇಕಲ್ಲ.
ಡಾಕ್ಟರಿಗೆ ಹೇಳಿದೆ. ಇನ್ನೂ ಮಿಕ್ಕಿತು.'

ಈಗ ಹಾಸನಾಂಬೆ ಬಾಗಿಲು ತೆರೆದರೆ
ಹಿರಿಯ ನಾಗರಿಕರ ಸಾಲಿನಲ್ಲಿ ಮೊದಲು ಇವರು;
ನಾನು ಹೊರಗೆ ಬ್ಯಾರಿಕೇಡಿಗೊರಗಿ
ಇವರ ಚಪ್ಪಲಿ ಕಾಯುತ್ತ ಕಡಲೆಕಾಯಿ ಸುಲಿಯುತ್ತೇನೆ.
ಒಂದೇ ಮೆಟ್ಟಿಲಲ್ಲಿ ಒಬ್ಬರು ಹತ್ತುತ್ತ ಒಬ್ಬರು ಇಳಿಯುತ್ತ
ಎಲ್ಲೋ ಭುಜ ತಾಗಿರಬೇಕು. ಗೊತ್ತಾಗಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರು, ಬೆಳಿಗ್ಗೆ ಒಂಬತ್ತು ದಾಟಿತ್ತು.
ಗರಿಕೆ ಇವರೇ ಕಿತ್ತು ತಂದು ನೀರಿಗೆ, ಹಾಲಿಗೆ, ಇಡ್ಲಿ ಹಿಟ್ಟಿಗೆ ಹಾಕಿ
ದೇವರ ಕೋಣೆಯ ಕಿಟಕಿ ಬಾಗಿಲು ಬಿಗಿದು ಜಪಕ್ಕೆ ಕೂತರು.
ನಾನು ಉಪ್ಪಿಟ್ಟು ತಟ್ಟೆಗೆ ಹಾಕಿಕೊಂಡು ಅಂಗಳಕ್ಕೆ ಬಂದೆ.
ಗ್ರಹಣದ ಕನ್ನಡಕವಿರಲಿಲ್ಲ; ಬೀರುವಿನಲ್ಲಿದ್ದ ಇವರ ಎದೆಯ ಎಕ್ಸ್‌ರೇ
ಎತ್ತಿ ಹಿಡಿದು ನೋಡಿದೆ.
ಪಕ್ಕೆಲುಬುಗಳ ಹಿಂದೆ, ಹೊಲಿದ ತಂತಿಗಳ ಪಕ್ಕ
ಯಾರೋ ಕಚ್ಚಿಟ್ಟ ಹಪ್ಪಳದಂಥ ಸೂರ್ಯ
ಇವರೊಳಗೇ ಉರಿಯುತ್ತಿತ್ತು.
ತಟ್ಟೆ ಕೆಳಗಿಟ್ಟೆ.

ಆಗಲೇ ಒಳಗಿಂದ ಕೂಗು: 'ಬಾರೇ, ಬೇಗ ಬಾ!'
ಓಡಿದೆ, ಎದೆ ಹಿಡಿದುಕೊಂಡು ಬಿದ್ದಿರಬೇಕೆಂದು.
ಇಲ್ಲ. ಜಪಮಾಲೆ ಕೊರಳಿಗೆ ಹಾಕಿಕೊಂಡು ನಿಂತಿದ್ದಾರೆ.
ಕಿಟಕಿಯ ಕದದಲ್ಲಿ ಮೊಳೆ ಕಿತ್ತ ತೂತು;
ಅದರಿಂದ ಬಂದ ಬೆಳಕು ಎದುರು ಗೋಡೆಯಲ್ಲಿ,
ಕೆಂಚಮ್ಮನ ಫೋಟೋದ ಕೆಳಗೆ,
ಉಗುರಿನಷ್ಟು ಬಾಗಿದ ಸೂರ್ಯ.
'ತೂತು ಚಿಕ್ಕದಾದಷ್ಟೂ ಬಿಂಬ ಸ್ಪಷ್ಟ,' ಅಂದರು,
ಮೀಟರ್ ಪರೀಕ್ಷಿಸುತ್ತಿದ್ದ ಕಾಲದ ದನಿಯಲ್ಲಿ,
'ತಲೆಕೆಳಗಾಗಿರುತ್ತೆ, ನೋಡು.'
ನೋಡಿದೆ.
ಕೈ ಮುಗಿದೆನಂತೆ. ಇವರು ಹೇಳುತ್ತಾರೆ. ನನಗೆ ನೆನಪಿಲ್ಲ.

ಬಿಟ್ಟ ಮೇಲೆ ಇವರ ಸ್ನಾನಕ್ಕೆ ನೀರು ಕಾಯಿಸಿದೆ.
ಇವರದಾದ ಮೇಲೆ ನಾನೂ ಎರಡು ಚೊಂಬು ಹೊಯ್ದುಕೊಂಡೆ.
ನೀರು ಬಿಸಿ ಇತ್ತು. ಅಷ್ಟೇ.