ಕಂಕುಳ ಕಾವು

ಸಸೂನ್ ಡಾಕಿನಲ್ಲಿ ಬೆಳಗಿನ ಐದಕ್ಕೇ ನಡುಹಗಲು.
ಐಸು ಒಡೆಯುವ ಸದ್ದು, ಬೈಗುಳ, ಹರಾಜು,
ಸಿಗಡಿ ರಾಶಿಯ ಸುತ್ತ ಕುಕ್ಕರುಗಾಲಲ್ಲಿ ಹೆಂಗಸರು.
ಬಿಳಿ ಕೋಟು ಮಡಚಿ ಚೀಲದೊಳಗಿಟ್ಟಿದ್ದೆ.
ಇಲ್ಲಿ ಬಿಳಿ ಬಟ್ಟೆಯ ಆಯುಸ್ಸು ಐದು ನಿಮಿಷ.

ಸೋಮಲಿಬಾಯಿ ಯಾರು, ಅಂದೆ ಮರಾಠಿಯಲ್ಲಿ.
‘ನಾನಽ ನೋಡವಾ’ ಅಂದಳು,
ನನ್ನ ಮರಾಠಿಯ ಬಾಲ ಹಿಡಿದು ನುಡಿ ಪತ್ತೆ ಹಚ್ಚಿ.

ಹೋದ ಸಲ ಒಯ್ದ ಅವಳ ರಕ್ತ
ಲ್ಯಾಬು ಮುಟ್ಟುವಷ್ಟರಲ್ಲಿ ಒಡೆದ ಹಾಲು.
ಟ್ಯೂಬಿನ ಗೋಡೆಗೆಲ್ಲ ಕೆಂಪು ರವೆ,
ಮಷೀನು ಬಾಯಿಗೆ ಬಂದ ಅಂಕಿ ಒದರಿತು.
ಡಾಕ್ಟರು ಚೀಟಿಯಲ್ಲಿ ಬರೆದರು:
ಕೋಲ್ಡ್ ಅಗ್ಲುಟಿನಿನ್. ಮೂವತ್ತೇಳು ಡಿಗ್ರಿಯಲ್ಲೇ ತರತಕ್ಕದ್ದು.
ಆ ‘ಲ್ಲೇ’ ಕೆಳಗೆ ಎರಡು ಗೆರೆ.

ಚಳಿ ತಾಗಿದರೆ ತನ್ನನ್ನೇ ತಾನು ಅಂಟಿಕೊಳ್ಳುವ ರಕ್ತ.
ಅದನ್ನು ಮೈಯಲ್ಲಿ ಹೊತ್ತು
ಹನ್ನೊಂದು ವರ್ಷದಿಂದ ಐಸಿನಲ್ಲಿ ಕೈಯಿಟ್ಟು ಕೂತಿದ್ದಾಳೆ.

ಮೊದಲು ಬೆರಳು. ಅಂಗೈಯಗಲದ ಮಷೀನು, ಒಂದು ಹನಿ,
ಹಿಮೋಗ್ಲೋಬಿನ್ ಇಲ್ಲೇ, ಈಗಲೇ ಹೇಳಬೇಕು.
ಬೆರಳೋ, ನೇರಳೆ ಹಣ್ಣು.
ಚುಚ್ಚಿದೆ. ಬಾಯಿ ತೆರೆಯಿತು, ಮಾತಿಲ್ಲ.
ಹಿಂಡುವ ಹಾಗಿಲ್ಲ. ಹಿಂಡಿದರೆ ಮೈನೀರು ಬೆರೆತು
ಅಂಕಿ ಸುಳ್ಳಾಡುತ್ತದೆ.
ಅವಳ ಕೈ ನನ್ನೆರಡು ಕೈಗಳ ನಡುವೆ ಮುಚ್ಚಿಟ್ಟೆ,
ಮೂರು ಬುಟ್ಟಿ ತೂಕವಾಗುವಷ್ಟು ಹೊತ್ತು.
ಸಿಗಡಿ ವಾಸನೆ ನನಗೂ ಹತ್ತಿತು.
ಇನ್ನೊಂದು ಬೆರಳು. ಮೊದಲ ಹನಿ ಒರೆಸಿದೆ,
ಎರಡನೆಯದನ್ನು ಪಟ್ಟಿ ಕುಡಿಯಿತು.

ಆರು ಪಾಯಿಂಟ್ ಎಂಟು.
‘ಪಾಸ್ ಏನು?’ ಅಂದಳು.

ಮುಂಗೈಯಿಂದ ತೋಳಿನ ತನಕ ಬಿಳಿ ಬಳೆ,
ಮೊಣಕೈ ಮಡಿಕೆಯಷ್ಟೇ ಖಾಲಿ, ಎರಡು ಊರ ನಡುವಿನ ಹಳ್ಳದಂತೆ.
ಪಟ್ಟಿ ಕಟ್ಟಲು ಬಳೆ ಮೇಲೆ ಸರಿಸುತ್ತ ‘ಒಡೀಬ್ಯಾಡ’ ಅಂದಳು,
ಸೂಜಿಗೆ ಏನೂ ಅನ್ನಲಿಲ್ಲ.
ಫ್ಲಾಸ್ಕಿನ ಬಿಸಿನೀರಲ್ಲಿ ಕಾದಿದ್ದ ಟ್ಯೂಬಿಗೆ
ರಕ್ತ ಸಲೀಸಾಗಿ ಇಳಿಯಿತು.

ಅಷ್ಟರಲ್ಲಿ ಕೈಗಾಡಿಯೊಂದು ಬಂದು ಗುದ್ದಿತು ಫ್ಲಾಸ್ಕಿಗೆ.
ಹೊರಗೆ ಗೀರೂ ಇಲ್ಲ,
ಒಳಗೆ ಮಾತ್ರ ಬಳೆ ಅಂಗಡಿ ಬಿದ್ದ ಸದ್ದು.

ಕೈಯಲ್ಲಿ ಟ್ಯೂಬು, ಮೂರು ಕಡೆ ಐಸು, ನಾಲ್ಕನೇ ಕಡೆ ಸಮುದ್ರ.
ನಾಲ್ಕು ವರ್ಷದ ಅನುಭವ, ಸರ್ಟಿಫಿಕೇಟು.
ನಿಂತೇ ಇದ್ದೆ.

‘ಕಂಕುಳಾಗ ಇಟ್ಕೋ ತಂಗಿ.
ಆಗಷ್ಟ ಹುಟ್ಟಿದ ಆಡಿನ ಮರಿ ಹಂಗಽ ತಂದೀನಿ ನಾ,
ತಾಂಡಾಕ್ಕ, ಮೂರು ಹರದಾರಿ.’

ಗ್ಲೌಸಿನೊಳಗೆ ಟ್ಯೂಬು ಸುತ್ತಿ, ಗಂಟು ಹಾಕಿ,
ಎಡಗಂಕುಳಲ್ಲಿ ಒತ್ತಿಕೊಂಡೆ.
ಅವಳಿಗೂ ಒಂದು ಜೊತೆ ಗ್ಲೌಸು ಕೊಟ್ಟೆ.
‘ಸಿಪ್ಪಿ ಹಿಡಿಯೂದಕ್ಕ ಬರೂದಿಲ್ಲ’ ಅಂತ
ಸೊಂಟಕ್ಕೆ ಸಿಗಿಸಿಕೊಂಡಳು.

ಬಸ್ಸು, ಆಮೇಲೆ ಸಿಎಸ್‌ಎಂಟಿಯಿಂದ ಸ್ಲೋ ಲೋಕಲ್ಲು.
ನಿನ್ನೆ ಅಮೋನಿಯಾ ಸ್ಯಾಂಪಲ್ಲು ಐಸಿನಲ್ಲಿ ಮುಳುಗಿಸಿ ತಂದಿದ್ದೆ.
ಮೊನ್ನೆ ಕಾಮಾಲೆ ಕೂಸಿನ ಹಿಮ್ಮಡಿಯಿಂದ ಹನಿಹನಿ ಹಿಡಿದದ್ದು,
ಬೆಳಕು ಸೋಕದಂತೆ ಫಾಯಿಲ್ ಸುತ್ತಿ;
ಚಾಕೊಲೇಟಾ, ಎಂದಿದ್ದ ವಾಚ್‌ಮನ್.
ಇವತ್ತು ಇದು.

ಲೇಡೀಸ್ ಡಬ್ಬಿಯಲ್ಲಿ ಎಡಗೈ ಅಲುಗಿಸದೆ ನಿಂತೆ.
ಮಲ್ಲಿಗೆ ಮುಡಿದವಳೊಬ್ಬಳು ನೋಡಿ, ‘ಕೈ ಮುರಿದಿದೆಯಾ?’
ಎಂದು ಎದ್ದು ಜಾಗ ಬಿಟ್ಟಳು.
ಹೌದೆಂದು ತಲೆಯಾಡಿಸಿದೆ. ಏನು ಹೇಳಲಿ,
ಒಂದು ಹೆಂಗಸನ್ನು ಕಾವು ಕೂತಿದ್ದೇನೆ ಅಂತಲೆ?
ಭಾಯಖಳಾ ಹೊತ್ತಿಗೆ
ಬೆವರು ಯಾರದು, ಬಿಸಿ ಯಾರದು, ತಿಳಿಯಲಿಲ್ಲ.
ಒಂದೇ ಭಯ. ತಣ್ಣಗಿರುವವಳು ನಾನೇ ಆಗಿದ್ದರೆ?

ಪರೇಲ್. ಮೆಟ್ಟಿಲು. ಲ್ಯಾಬು.
ಡಿಮೆಲ್ಲೊ ಟ್ಯೂಬನ್ನು ದೀಪಕ್ಕೆ ಹಿಡಿದು ವಾಲಿಸಿದ:
ರವೆ ಇಲ್ಲ, ಗೋಡೆ ಸ್ವಚ್ಛ.
ಬಿಸಿನೀರ ತೊಟ್ಟಿಗೆ ಇಳಿಸುತ್ತ, ‘ಫ್ಲಾಸ್ಕೆಲ್ಲಿ?’ ಅಂದ.

ರಿಜಿಸ್ಟರಿನಲ್ಲಿ ಸಾಗಣೆಯ ತಾಪಮಾನಕ್ಕೊಂದು ಕಾಲಮ್ಮು.
ಮೂವತ್ತೇಳು, ಬರೆದೆ. ಅಳೆದಿರಲಿಲ್ಲ.

ಏಳೂಕಾಲು.
ಡಾಕಿಗೆ ಎರಡನೇ ದೋಣಿ ಬಂದಿರುತ್ತದೆ.