ಕಿಟಕಿಯ ತೂಕ

ಎಲ್ಲರ ಮನೆಯ ಕಿಟಕಿಯಂತೆ ಇದಕ್ಕೆ ಕದವಿಲ್ಲ.
ಗಾಜಿನ ಚೌಕಟ್ಟನ್ನು ಮೇಲಕ್ಕೆ ಎತ್ತಬೇಕು,
ಕೈಬಿಟ್ಟರೆ ಬೀಳುತ್ತದೆ.
ಹತ್ತಿ ಮಿಲ್ಲಿನ ಮ್ಯಾನೇಜರನ ಬಂಗಲೆ ಕೆಡವಿದ ವರ್ಷ
ಅಪ್ಪ ಹರಾಜಿನಲ್ಲಿ ಕೂಗಿ ತಂದದ್ದು,
ಗಾಡಿಯಲ್ಲಿ ಹುಲ್ಲು ಹಾಸಿ, ಮಗುವಿನ ಹಾಗೆ ಮಲಗಿಸಿ.
ಬೆಲ್ಲ ಕಟ್ಟುತ್ತ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ:
"ಸಾಹೇಬ ಗಾಳಿ ಕುಡಿದ ಕಿಟಕಿ, ನಮ್ಮನ್ಯಾಗೈತಿ."

ಆಮೇಲೆ ಸಾಹೇಬನ ಗಾಳಿಗೆ ಆಸರೆ ಹುಡುಕುವುದೇ ಕೆಲಸ.
ಹರಕು ಕೊಡೆಯ ಕಾವು. ಹಾಲೇಶನ ವಿಕೆಟ್ಟು.
ಬಹುಕಾಲ ಲಟ್ಟಣಿಗೆ,
ಚಪಾತಿ ಲಟ್ಟಿಸುವ ಹೊತ್ತಿಗೆ ಬೆವರಬೇಕು ನಾನು.

ಮೊನ್ನೆ ಮಂಗಳವಾರ ವಿಕೆಟ್ಟು ಜಾರಿ
ಐಸಿರಿಯ ನಡುಬೆರಳು ಸಿಕ್ಕಿಕೊಂಡಿತು.
ಉಗುರು ನೇರಳೆ ಹಣ್ಣಾಯಿತು.

ಮೌನೇಶಾಚಾರ್ರು ಬಂದರು, ಕಿವಿಯ ಮೇಲೆ ಪೆನ್ಸಿಲ್ಲು.
ಬಿರಡೆಯಂತಿದ್ದ ಪಟ್ಟಿಯೊಂದನ್ನು ಉಳಿಯಿಂದ ಎಬ್ಬಿಸಿದರು.
ಪಟ್ಟಿಯ ಹಿಂದೆ ಪೊಳ್ಳು. ಮೇಲೊಂದು ಹಿತ್ತಾಳೆಯ ರಾಟೆ,
ಒಂದು ಸಲವೂ ತಿರುಗದ್ದು.
"ಇದರ ಬಟ್ಟು ಎಲ್ಲಿ?" ಅಂದರು.
"ಯಾವ ಬಟ್ಟು?"
"ಕಿಟಕಿ ತೂಗೋ ಬಟ್ಟು, ತಾಯಿ. ಈ ಕಡೆ ಒಂದು, ಆ ಕಡೆ ಒಂದು.
ಗ್ವಾಡಿಯೊಳಗ ಅವು ಇಳಿದರ ಇದು ಏರತೈತಿ.
ಹರಾಜಿನೋರು ಕಬ್ಬಿಣ ಬ್ಯಾರೆ ಮಾರ್‍ಯಾರ."

ನಲವತ್ತು ವರ್ಷ ನಾವು ಬೈದದ್ದು ಕಿಟಕಿಯನ್ನು.

ಚೌಕಟ್ಟು ಬಿಚ್ಚಿ ಅಂಗಡಿಗೆ ಹೊತ್ತೆವು,
ಮಂಡಿಪೇಟೆಯವರು ನೋಡಿ ನಗುವಂತೆ,
ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನಿಲ್ಲಿಸಿದೆವು.
ಏಳು ಕಿಲೋ ಇನ್ನೂರು.
"ಕಡೆಗೆ ಮೂರೂವರೆ ಇರಲಿ. ಸ್ವಲ್ಪ ಕಮ್ಮಿ ಇದ್ದರ
ಮುಚ್ಚಿದಾಗ ಗಟ್ಟಿ ಕುಂದರತೈತಿ."
ನೂಲಿನ ಹಗ್ಗವೇ ಬೇಕಂತೆ, ನೈಲಾನ್ ಜಾರುತ್ತದಂತೆ.
ಬಟ್ಟೆ ನೇಯ್ದು ಹೆಸರಾದ ಈ ಊರಲ್ಲಿ
ಮೂರು ಅಂಗಡಿ ತಿರುಗಿದೆ,
ನಾಲ್ಕನೆಯದರಲ್ಲಿ ಧೂಳಿನ ಸಮೇತ ಸಿಕ್ಕಿತು.

ಕಬ್ಬಿಣಕ್ಕೆ ಹುಡುಕಬೇಕಿರಲಿಲ್ಲ.
ಗಲ್ಲಾದ ಕೆಳಗೆ ಅಪ್ಪನ ತೂಕದ ಬಟ್ಟುಗಳು,
ಬೆಲ್ಲದ ಜಿಗಟಿನಿಂದ ಒಂದಕ್ಕೊಂದು ಅಂಟಿ ಮಲಗಿದ್ದವು.
ಎರಡು, ಒಂದು, ಅರ್ಧ. ಎರಡು, ಒಂದು, ಅರ್ಧ.
ಹಗ್ಗ ಬಿಗಿದರು, ಗಾಡಿಗೆ ಮೇಣದಬತ್ತಿ ಉಜ್ಜಿದರು.
ಐಸಿರಿ ಬ್ಯಾಂಡೇಜಿನ ಬೆರಳಿಂದಲೇ ಎತ್ತಿದಳು.
ನಿಂತಿತು.

ಬೆಳಗಿನ ಹೊತ್ತಿಗೆ ಒಂದು ಗೇಣು ಇಳಿದಿತ್ತು,
ಎಡಕ್ಕೆ ವಾಲಿ.

ಮತ್ತೆ ಪಟ್ಟಿ ಎಬ್ಬಿಸಿ ಎಡಗಡೆಯ ಎರಡು ಕಿಲೋ
ಮಿಷನ್ನಿನ ಮೇಲೆ ಇಟ್ಟೆವು.
ಒಂದು ಕಿಲೋ ಎಂಟುನೂರ ನಲವತ್ತು.
ಮಗುಚಿದರು ಆಚಾರ್ರು.
ಸೀಸದ ಮುದ್ರೆ ಇರಬೇಕಾದ ಕುಳಿಯಲ್ಲಿ ಅರಗು,
ಅರಗಿನ ಮೇಲೆ ಮಸಿ ಸವರಿದ್ದು.
ಉಗುರಿಂದ ಒಮ್ಮೆ ಕೆರೆದರು,
ನನ್ನ ಮುಖ ನೋಡಲಿಲ್ಲ.
"ಸವೆದಿರಬೇಕ್ರಿ," ಅಂದರು,
"ಹಳೇ ಕಬ್ಬಿಣ, ಸವೀತೈತಿ."

ನನಗೆ ಗೊತ್ತು, ಕಬ್ಬಿಣ ಅರಗಾಗುವುದಿಲ್ಲ.
ಅವರಿಗೂ ಗೊತ್ತು.
ಚೀಲದಿಂದ ಎಂಟು ನಟ್ಟು ಆರಿಸಿ ತೂಗಿ
ತಂತಿಯಿಂದ ಬಟ್ಟಿಗೆ ಬಿಗಿದರು. ನೂರ ಅರವತ್ತು.
ನಟ್ಟಿನ ದುಡ್ಡು ಬೇಡ ಅಂದರು.
ಹಾಲೇಶನಿಗೆ ನಾನು ಹೇಳಲಿಲ್ಲ.

ಈಗ ರಾತ್ರಿ ಕಿಟಕಿ ಎತ್ತಿದಲ್ಲೇ ನಿಲ್ಲುತ್ತದೆ.
ಭಟ್ಟಿಯ ಕಡೆಯಿಂದ ಗಾಳಿ, ಗಾಳಿಯ ಜೊತೆ ಹೊಟ್ಟಿನ ಹೊಗೆ,
ಹುರಿದ ಮಂಡಕ್ಕಿಯ ವಾಸನೆ.
ಗೋಡೆಯೊಳಗೆ ಅಪ್ಪ ಒಮ್ಮೊಮ್ಮೆ
ಟಕ್ ಎನ್ನುತ್ತಾನೆ. ಮಗ್ಗುಲಾಗುತ್ತೇನೆ.
ಕಿಲೋಗೆ ಎಂಬತ್ತು ಗ್ರಾಂ, ಎಷ್ಟು ವರ್ಷ, ಎಷ್ಟು ಮಂದಿ.
ಲೆಕ್ಕ ಸುರುಮಾಡಿ ನಿದ್ದೆ ಹೋಗುತ್ತೇನೆ.

ಬೆಳಿಗ್ಗೆ ಭಟ್ಟಿಯ ಗಾಳೆವ್ವ ಬಂದಳು, ಎರಡು ಕಿಲೋ ಬೆಲ್ಲಕ್ಕೆ.
ಅವಳ ಅವ್ವನೂ ಇಲ್ಲೇ ಒಯ್ಯುತ್ತಿದ್ದಳು, ಉದ್ರಿ.
ಕೆಂಪು ಅಂಕಿ ಎರಡಾದ ಮೇಲೂ
ಒಂದು ಉಂಡೆ ಇಟ್ಟೆ. ಇನ್ನೊಂದು ಇಟ್ಟೆ.
ಗಾಳೆವ್ವ ಮಿಷನ್ ನೋಡಿದಳು, ನನ್ನ ನೋಡಿದಳು:
"ಕೆಟ್ಟೈತೇನವ್ವಾ ಇದು?
ಹುಷಾರು. ಲುಕ್ಸಾನ ಆದೀತು."